ಮರಳಿ ಬಂದದ್ದರ ಲೆಕ್ಕ ಇಡುವ ನಗರ

ಸೊಲ್ಲಾಪುರಕ್ಕೆ ಕುಡಿಯುವ ನೀರು ಬರುವುದು ಸುಮಾರು 110 ಕಿಲೋಮೀಟರ್ ದೂರದ ಉಜನಿ ಜಲಾಶಯದಿಂದ. ಭೀಮಾ ನದಿಗೆ ಕಟ್ಟಿದ ಆಣೆಕಟ್ಟು ಅದು. ಅಷ್ಟು ದೂರದಿಂದ ಪಂಪ್ ಮಾಡಿ, ಶುದ್ಧಗೊಳಿಸಿ, ಟಾಕಿಗೆ ಏರಿಸಿ, ಓಣಿ ಓಣಿಗೆ ಸರದಿಯಂತೆ ಬಿಟ್ಟ ನೀರನ್ನು ಹೆಣ್ಣುಮಕ್ಕಳು ಬ್ಯಾರಲ್, ಕೊಡ, ಹಂಡೆಗಳಲ್ಲಿ ತುಂಬಿಟ್ಟುಕೊಳ್ಳುತ್ತಾರೆ. ದಿನವೂ ನಳ ಬಾರದ ಊರಿದು. ಇಷ್ಟು ಕಷ್ಟಪಟ್ಟು ಮನೆ ಮುಟ್ಟಿದ ನೀರು ಎಷ್ಟು ಸಲ ಕೆಲಸಕ್ಕೆ ಬರುತ್ತದೆ? ಬಹುಪಾಲು ಒಂದೇ ಸಲ. ಪಾತ್ರೆ ತೊಳೆಯಿತು, ಗಟಾರ ಸೇರಿತು.

ಅಡುಗೆಮನೆಯ ಕಾಯಿಪಲ್ಲೆ ಸಿಪ್ಪೆ, ಮಗ್ಗದ ಅಂಚಿನಲ್ಲಿ ಉದುರುವ ನೂಲು, ಹಳೆ ಮನೆ ಕೆಡವಿದಾಗ ಉಳಿಯುವ ಇಟ್ಟಿಗೆ ಚೂರು, ಸತ್ತ ಮೊಬೈಲ್ ಎಲ್ಲದರ ಕಥೆಯೂ ಹೆಚ್ಚುಕಡಿಮೆ ಇದೇ. ನೆಲದಿಂದ ತೆಗೆ, ವಸ್ತು ಮಾಡು, ಒಮ್ಮೆ ಬಳಸು, ಎಸೆ. ಈ ನೇರ ದಾರಿಯ ಕೊನೆಗೆ ಒಂದು ಕಸದ ಗುಡ್ಡ ಅಥವಾ ಒಂದು ಕೊಳಕು ಹೊಳೆ ಇದ್ದೇ ಇರುತ್ತದೆ. ಆ ದಾರಿಯನ್ನು ಬಗ್ಗಿಸಿ, ಬಳಸಿದ್ದು ಮತ್ತೆ ಬಳಕೆಗೆ ಬರುವ ಹಾಗೆ ಮಾಡುವುದಕ್ಕೆ ಇಂದು ಚಕ್ರೀಯ ಆರ್ಥಿಕತೆ ಎನ್ನುತ್ತಾರೆ. ಜೊತೆಗೆ ಸೆನ್ಸರ್, ಜಿಪಿಎಸ್, ಮೀಟರ್, ಕಂಪ್ಯೂಟರ್ ಸೇರಿದರೆ ಅದಕ್ಕೆ ಸ್ಮಾರ್ಟ್ ನಗರ ಎಂಬ ಹೆಸರು. ಈ ಎರಡೂ ಮಾತುಗಳನ್ನು ದೆಹಲಿಯ ಸಮ್ಮೇಳನಗಳಿಂದ ಇಳಿಸಿ ಸೊಲ್ಲಾಪುರ ಮತ್ತು ಅಕ್ಕಲಕೋಟದ ನೆಲದ ಮೇಲೆ ಇಟ್ಟು ನೋಡಬೇಕೆನಿಸಿದೆ. ಚಕ್ರ ಕಟ್ಟಲು ಬೇಕಾದ ಬಿಡಿಭಾಗಗಳೆಲ್ಲ ಇಲ್ಲಿ ಐವತ್ತು ಕಿಲೋಮೀಟರ್ ಒಳಗೇ ಇವೆ. ಅವನ್ನು ಜೋಡಿಸುವ ಕೆಲಸ ಮಾತ್ರ ಅರೆಬರೆಯಾಗಿದೆ.

ವಿಚಾರ ಹೊಸದೇನಲ್ಲ. 1966ರಲ್ಲಿ ಅರ್ಥಶಾಸ್ತ್ರಜ್ಞ ಕೆನೆತ್ ಬೋಲ್ಡಿಂಗ್ ಭೂಮಿಯನ್ನು ಒಂದು ಆಕಾಶನೌಕೆ ಎಂದು ಕರೆದು, ಹೊರಗಿನಿಂದ ಸಾಮಾನು ಬಾರದ, ಹೊರಗೆ ಎಸೆಯಲು ಜಾಗವೂ ಇಲ್ಲದ ಲೆಕ್ಕಾಚಾರದಲ್ಲಿ ನಾವು ಬದುಕಬೇಕಿದೆ ಎಂದು ವಾದಿಸಿದರು. 2005ರಲ್ಲಿ ಒಬ್ಬಳೇ ಹಾಯಿದೋಣಿಯಲ್ಲಿ ಜಗತ್ತು ಸುತ್ತಿ ದಾಖಲೆ ಬರೆದ ಬ್ರಿಟನ್ನಿನ ಎಲೆನ್ ಮೆಕಾರ್ಥರ್, ದೋಣಿಯಲ್ಲಿರುವಷ್ಟೇ ಅನ್ನ, ಅಷ್ಟೇ ಇಂಧನ ಎಂಬ ಅನುಭವದಿಂದ ಮುಂದೆ ಒಂದು ಪ್ರತಿಷ್ಠಾನ ಕಟ್ಟಿ ಈ ಮಾತನ್ನು ಜಗತ್ತಿನ ಕಂಪನಿಗಳ ಮುಂದಿಟ್ಟರು. ಚೀನಾ 2009ರಿಂದ ಇದಕ್ಕೊಂದು ಕಾನೂನನ್ನೇ ಜಾರಿಗೆ ತಂದಿತು. ನಮ್ಮ ಸೀಮೆಯ ಮನೆಗಳಲ್ಲಂತೂ ಅಜ್ಜಿಯ ಇಳಕಲ್ ಸೀರೆ ಕೌದಿಯಾಗಿ, ಕೌದಿ ಹರಿದಾಗ ನೆಲ ಒರೆಸುವ ಅರಿವೆಯಾಗಿ, ಕೊನೆಗೆ ತಿಪ್ಪೆ ಸೇರಿ ಹೊಲಕ್ಕೆ ಹೋಗುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ಆಗ ವಸ್ತು ಹತ್ತಿಯದು, ಊರು ಸಣ್ಣದು, ತಿಪ್ಪೆ ಹಿತ್ತಲಲ್ಲೇ ಇತ್ತು. 2011ರ ಜನಗಣತಿಯಲ್ಲೇ ಒಂಬತ್ತೂವರೆ ಲಕ್ಷ ದಾಟಿದ ಸೊಲ್ಲಾಪುರದಲ್ಲಿ ಅದೇ ಕೆಲಸಕ್ಕೆ ಯಂತ್ರ ಬೇಕು, ಲೆಕ್ಕ ಬೇಕು, ಒಪ್ಪಂದ ಬೇಕು.

ಭೋಗಾವದ ಸ್ಥಾವರ

ತುಳಜಾಪುರ ರಸ್ತೆಯಲ್ಲಿ ಭೋಗಾವದ ಹತ್ತಿರ ನಗರದ ಕಸದಿಂದ ವಿದ್ಯುತ್ ತಯಾರಿಸುವ ಸ್ಥಾವರವಿದೆ. ಮಹಾನಗರಪಾಲಿಕೆಯೊಂದಿಗಿನ ಒಪ್ಪಂದದಲ್ಲಿ ಖಾಸಗಿ ಕಂಪನಿ ಕಟ್ಟಿದ ಈ ಘಟಕದ ಸಾಮರ್ಥ್ಯ ದಿನಕ್ಕೆ 400 ಟನ್ ಕಸ, 3 ಮೆಗಾವ್ಯಾಟ್ ವಿದ್ಯುತ್. ಕಸದಿಂದ ವಿದ್ಯುತ್ ಎಂದರೆ ಸಾಮಾನ್ಯವಾಗಿ ಒಲೆಗೆ ಹಾಕಿ ಸುಡುವುದು ಎಂದುಕೊಳ್ಳುತ್ತೇವೆ. ಇಲ್ಲಿ ಸುಡುವುದಿಲ್ಲ, ಕೊಳೆಸುತ್ತಾರೆ. ಇಡೀ ನಗರದ ಕಸಕ್ಕೆ ಈ ವಿಧಾನ ಬಳಸಿದ ಸ್ಥಾವರಗಳು ದೇಶದಲ್ಲಿ ಬೆರಳೆಣಿಕೆಯಷ್ಟು.

ಕೆಲಸ ನಡೆಯುವುದು ಹೀಗೆ. ಗಾಡಿ ತಂದು ಸುರಿದ ಕಸವನ್ನು ಮೊದಲು ದೊಡ್ಡ ಉರುಳುವ ಜರಡಿಗೆ ಹಾಕುತ್ತಾರೆ. ಪ್ಲಾಸ್ಟಿಕ್, ಬಟ್ಟೆ, ರಟ್ಟು ಮೇಲೆ ಉಳಿಯುತ್ತವೆ. ಅನ್ನ, ಸಿಪ್ಪೆ, ಎಲೆಯಂಥ ಕೊಳೆಯುವ ಕಸ ಕೆಳಗೆ ಬೀಳುತ್ತದೆ. ಮಣ್ಣು, ಗಾಜಿನ ಚೂರು ತೆಗೆದು, ಆ ಹಸಿ ಭಾಗವನ್ನು ಗಾಳಿಯಾಡದ ಟ್ಯಾಂಕಿಗೆ ತುಂಬುತ್ತಾರೆ. ಒಳಗೆ ಶಾಖ ಸುಮಾರು 55 ಡಿಗ್ರಿ ಸೆಲ್ಸಿಯಸ್. ಆ ಬಿಸಿಯಲ್ಲಿ ಚುರುಕಾಗುವ ಬ್ಯಾಕ್ಟೀರಿಯಾ ಕಸವನ್ನು ತಿಂದು ಗ್ಯಾಸ್ ಬಿಡುತ್ತವೆ. ಹಳ್ಳಿಯ ಗೋಬರ್ ಗ್ಯಾಸಿನ ತತ್ವವೇ ಇದು. ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಅದನ್ನು ಶುದ್ಧಗೊಳಿಸಿ ಎಂಜಿನ್ನಿಗೆ ಕೊಟ್ಟರೆ ಜನರೇಟರ್ ತಿರುಗುತ್ತದೆ. ಟ್ಯಾಂಕಿನಲ್ಲಿ ಉಳಿದ ರಾಡಿಯನ್ನು ಹಿಂಡಿ ಗೊಬ್ಬರ ಮಾಡುತ್ತಾರೆ. ಜರಡಿಯ ಮೇಲೆ ಉಳಿದ ಒಣ ಕಸದಲ್ಲಿ ಮಾರುವಂಥದ್ದನ್ನು ಆರಿಸಿ, ಉಳಿದದ್ದನ್ನು ಸಿಮೆಂಟ್ ಕಾರ್ಖಾನೆಯ ಭಟ್ಟಿಗೆ ಇಂಧನವಾಗಿ ಕಳಿಸಬಹುದು.

ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ 3 ಮೆಗಾವ್ಯಾಟ್ ಎಂದರೆ ದಿನಕ್ಕೆ 72,000 ಯುನಿಟ್. ಒಂದು ಮನೆಗೆ ದಿನಕ್ಕೆ ಮೂರು ಯುನಿಟ್ ಹಿಡಿದರೆ 24,000 ಮನೆಗಳ ದೀಪ, ಫ್ಯಾನು ನಡೆಯುತ್ತವೆ. ಆದರೆ ಆ 'ಪೂರ್ಣ ಸಾಮರ್ಥ್ಯ' ನಿರ್ಧಾರವಾಗುವುದು ಭೋಗಾವದಲ್ಲಿ ಅಲ್ಲ; ಬಾಳೀವೇಸಿನ, ವಿಜಾಪುರ ರಸ್ತೆಯ, ಅಶೋಕ ಚೌಕದ ಅಡುಗೆಮನೆಗಳಲ್ಲಿ. ಹಸಿ ಕಸದೊಳಗೆ ಬ್ಲೇಡು, ಡಯಾಪರ್, ಪ್ಲಾಸ್ಟಿಕ್ ಚೀಲ, ಗುಡಿಸಿದ ಮಣ್ಣು ಸೇರಿ ಬಂದರೆ ಜರಡಿ ಕಟ್ಟಿಕೊಳ್ಳುತ್ತದೆ, ಟ್ಯಾಂಕಿನ ತಳದಲ್ಲಿ ಮರಳು ಕೂರುತ್ತದೆ, ಗ್ಯಾಸು ಇಳಿಯುತ್ತದೆ, ಗೊಬ್ಬರದಲ್ಲಿ ಗಾಜು ಕಾಣುತ್ತದೆ. ಗಾಜು ಕಂಡ ಗೊಬ್ಬರವನ್ನು ದಾಳಿಂಬೆ ತೋಟದವನು ಪುಕ್ಕಟೆ ಕೊಟ್ಟರೂ ಒಯ್ಯುವುದಿಲ್ಲ. ಅಲ್ಲಿಗೆ ಚಕ್ರ ಕಡಿಯಿತು. ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಮೂರು ಭಾಗ ಮಾಡಬೇಕೆಂದು 2016ರ ಘನತ್ಯಾಜ್ಯ ನಿಯಮ ಹೇಳಿದ್ದು ಇದೇ ಕಾರಣಕ್ಕೆ.

ಇಂದೋರಿನ ಉದಾಹರಣೆ ಇಲ್ಲಿ ಕಣ್ಣು ತೆರೆಸುತ್ತದೆ. 2022ರ ಫೆಬ್ರುವರಿಯಲ್ಲಿ ಅಲ್ಲಿ ಉದ್ಘಾಟನೆಯಾದ ಘಟಕ ದಿನಕ್ಕೆ 550 ಟನ್ ಹಸಿ ಕಸ ತಿಂದು ಸುಮಾರು 17,000 ಕೆಜಿ ಜೈವಿಕ ಸಿಎನ್‌ಜಿ ಕೊಡುವಂತೆ ಕಟ್ಟಿದ್ದು. ಆ ಗ್ಯಾಸಿನಲ್ಲಿ ನಗರದ ಬಸ್ಸುಗಳೇ ಓಡುತ್ತವೆ. ಇಂದೋರು ಮೊದಲು ಮಾಡಿದ್ದು ಘಟಕವನ್ನಲ್ಲ, ವಿಂಗಡಣೆಯನ್ನು. ಮನೆ ಬಾಗಿಲಲ್ಲಿ ಬೇರೆಯಾಗಿ ಬಂದ ಕಸ ಗಾಡಿಯಲ್ಲೂ ಬೇರೆಯಾಗಿಯೇ ಉಳಿಯುವ ವ್ಯವಸ್ಥೆ ವರ್ಷಗಳ ಕಾಲ ಗಟ್ಟಿಯಾದ ಮೇಲೆ ದೊಡ್ಡ ಯಂತ್ರ ಬಂತು. ಸೊಲ್ಲಾಪುರದಲ್ಲಿ ಯಂತ್ರ ಮೊದಲು ಬಂದಿದೆ. ಇನ್ನು ಬರಬೇಕಾದದ್ದು ಅಡುಗೆಮನೆಯ ಎರಡನೆಯ ಬುಟ್ಟಿ.

ನೀರಿಗೆ ಎರಡನೆಯ ಕೆಲಸ

ಈ ಊರಿಗೂ ನೀರಿಗೂ ಇರುವ ನಂಟು ಹನ್ನೆರಡನೆಯ ಶತಮಾನದಷ್ಟು ಹಳೆಯದು. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮ ಶಿವಯೋಗಿ ಜನರನ್ನು ಕೂಡಿಸಿ ಕೆರೆ ತೋಡಿಸಿದ. ಕಾಯಕವೇ ಅವನ ಯೋಗವಾಗಿತ್ತೆಂದು ಹೇಳುವ ಕಥೆಗಳನ್ನು ರಾಘವಾಂಕನ ಕಾವ್ಯ ಕನ್ನಡಿಗರಿಗೆ ಉಳಿಸಿಕೊಟ್ಟಿದೆ. ಇಂದಿಗೂ ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಸಿದ್ಧೇಶ್ವರ ಕೆರೆಯ ದಂಡೆ ತುಂಬುತ್ತದೆ. ಬರದ ಸೀಮೆಯಲ್ಲಿ ಮಳೆ ನೀರು ನಿಲ್ಲಿಸಿ, ಬಾವಿಗೆ ಇಂಗಿಸಿ, ಬೇಸಿಗೆಯಲ್ಲಿ ಕೆರೆಯ ಹೂಳನ್ನು ಹೊಲಕ್ಕೆ ಹೊತ್ತು ಹಾಕುವ ಪದ್ಧತಿಯಲ್ಲಿ ನೀರೂ ಮಣ್ಣೂ ಎರಡೂ ಸುತ್ತಿನಲ್ಲಿ ತಿರುಗುತ್ತಿದ್ದವು.

ಇಂದಿನ ಸೊಲ್ಲಾಪುರ ಉಜನಿಯ ಕೊಳವೆ, ಹಿಪ್ಪರಗಾ ಕೆರೆ ಮತ್ತು ಭೀಮೆಯ ದಂಡೆಯ ಟಾಕಳಿ ಎಂಬ ಮೂರು ಮೂಲಗಳನ್ನು ನೆಚ್ಚಿದೆ. ಟಾಕಳಿಗೆ ನೀರು ತಲುಪಿಸಲು ಉಜನಿಯಿಂದ ನದಿಗೇ ನೀರು ಬಿಡುವ ರೂಢಿ ಬೆಳೆಯಿತು. ಬಿಟ್ಟ ನೀರಿನಲ್ಲಿ ಬಹಳಷ್ಟು ದಾರಿಯಲ್ಲೇ ಆವಿಯಾಗುತ್ತದೆ, ಮರಳಿಗೆ ಇಂಗುತ್ತದೆ, ದಂಡೆಯ ಪಂಪ್‌ಸೆಟ್ಟುಗಳ ಪಾಲಾಗುತ್ತದೆ. ನಗರಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಬಿಟ್ಟರೂ ನಳಕ್ಕೆ ಸಿಗುವುದು ಸ್ವಲ್ಪ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಉಜನಿಯಿಂದ ಎರಡನೆಯ, ಸಮಾಂತರ ಕೊಳವೆಯನ್ನು ಕೈಗೆತ್ತಿಕೊಂಡದ್ದು ಈ ಸೋರಿಕೆ ತಪ್ಪಿಸಲು. ಒಳ್ಳೆಯ ಕೆಲಸವೇ. ಆದರೆ ಕೊಳವೆ ಎರಡಾದರೆ ಗಟಾರಕ್ಕೆ ಹೋಗುವ ನೀರೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ಅದಕ್ಕೆ ಎರಡನೆಯ ಕೆಲಸ ಕೊಡುವುದು ಹೇಗೆ?

ನಗರದ ಕೊಳಚೆ ನೀರು ಶುದ್ಧಗೊಳಿಸಲು ದೇಗಾವ, ಪ್ರತಾಪನಗರ, ಕುಮಠೆಗಳಲ್ಲಿ ಘಟಕಗಳಿವೆ. ದೊಡ್ಡದಾದ ದೇಗಾವದ ಘಟಕದ ಸಾಮರ್ಥ್ಯ ದಿನಕ್ಕೆ 7.5 ಕೋಟಿ ಲೀಟರ್. ಇನ್ನೊಂದು ಕಡೆ, ದಕ್ಷಿಣ ಸೊಲ್ಲಾಪುರ ತಾಲೂಕಿನ ಆಹೇರವಾಡಿ, ಫತಾಟೆವಾಡಿ ಪರಿಸರದಲ್ಲಿ ಎನ್‌ಟಿಪಿಸಿಯ 1,320 ಮೆಗಾವ್ಯಾಟ್ ಉಷ್ಣ ವಿದ್ಯುತ್ ಸ್ಥಾವರ ನಿಂತಿದೆ. ಅದಕ್ಕೂ ನೀರು ಉಜನಿಯಿಂದಲೇ. ಹೊಸ ಸ್ಥಾವರಗಳು ಒಂದು ಮೆಗಾವ್ಯಾಟ್ ಗಂಟೆಗೆ, ಅಂದರೆ ಸಾವಿರ ಯುನಿಟ್ಟಿಗೆ, 3 ಘನ ಮೀಟರಿಗಿಂತ ಹೆಚ್ಚು ನೀರು ಬಳಸಬಾರದೆಂದು ಕೇಂದ್ರದ ಮಿತಿಯಿದೆ. ಆ ಮಿತಿಯಲ್ಲೇ ಲೆಕ್ಕ ಹಾಕಿದರೆ ಪೂರ್ಣ ಓಟದ ದಿನ ಇಂಥ ಸ್ಥಾವರಕ್ಕೆ ಸುಮಾರು 9.5 ಕೋಟಿ ಲೀಟರ್ ನೀರು ಬೇಕಾಗಬಹುದು. ಎರಡು ಅಂಕಿಗಳನ್ನು ಅಕ್ಕಪಕ್ಕ ಇಡಿ: ದೇಗಾವ ಒಂದೇ ಶುದ್ಧಗೊಳಿಸಬಲ್ಲ ನೀರು 7.5 ಕೋಟಿ, ಬಾಯಿಲರಿಗೂ ಕೂಲಿಂಗ್ ಟವರಿಗೂ ಬೇಕಾದದ್ದು 9.5 ಕೋಟಿ. ಕೂಲಿಂಗ್ ಟವರಿಗೆ ಕುಡಿಯುವ ನೀರೇ ಬೇಕೆಂದೇನಿಲ್ಲ. ಕೊಳಚೆ ಶುದ್ಧೀಕರಣ ಘಟಕದಿಂದ 50 ಕಿಲೋಮೀಟರ್ ಒಳಗಿರುವ ಉಷ್ಣ ಸ್ಥಾವರಗಳು ಆ ನೀರನ್ನೇ ಬಳಸಬೇಕೆಂದು 2016ರ ಜನವರಿಯ ರಾಷ್ಟ್ರೀಯ ವಿದ್ಯುತ್ ದರ ನೀತಿ ವಿಧಿಸಿದೆ. ಸೊಲ್ಲಾಪುರದಲ್ಲೂ ಈ ವಿನಿಮಯದ ಮಾತು ವರ್ಷಗಳಿಂದ ನಡೆದಿದೆ. ನಾಗಪುರದಲ್ಲಿ ಕೊರಾಡಿ, ಖಾಪರಖೇಡಾ ಸ್ಥಾವರಗಳು ಊರಿನ ಶುದ್ಧಗೊಳಿಸಿದ ಕೊಳಚೆ ನೀರನ್ನು ಬಳಸುತ್ತಿವೆ; ಅಷ್ಟು ಜಲಾಶಯದ ನೀರು ಕುಡಿಯಲು ಉಳಿಯುತ್ತದೆ. ಒಂದೇ ರಾಜ್ಯದ ಒಂದು ನಗರಕ್ಕೆ ಆದದ್ದು ಇನ್ನೊಂದಕ್ಕೆ ಆಗದಿರಲು ಕಾರಣವಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಮೊದಲನೆಯದು ನೀರಿನ ಗುಣ. ಕರ್ನಾಟಕದಲ್ಲಿ ಬೆಂಗಳೂರಿನ ಶುದ್ಧಗೊಳಿಸಿದ ನೀರನ್ನು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಸಿದಾಗ, ಬತ್ತಿದ ಬಾವಿಗಳಿಗೆ ನೀರು ಬಂದ ಸಂತೋಷದ ಜೊತೆಗೇ ಎರಡು ಹಂತದ ಶುದ್ಧೀಕರಣ ಸಾಕೇ ಎಂಬ ಪ್ರಶ್ನೆ ನ್ಯಾಯಾಲಯದವರೆಗೆ ಹೋಯಿತು. ಬಣ್ಣದ ಕಾರ್ಖಾನೆಗಳಿರುವ ಸೊಲ್ಲಾಪುರದಲ್ಲಿ ಆ ಪ್ರಶ್ನೆ ಇನ್ನೂ ತೀಕ್ಷ್ಣ. ಎರಡನೆಯದು ಪಾಲು. ಊರಿನ ಗಟಾರದ ನೀರನ್ನೇ ನಂಬಿ ಮೇವು, ಕಾಯಿಪಲ್ಲೆ ಬೆಳೆಯುವ ಸಣ್ಣ ರೈತರು ದೇಶದ ಹಲವು ನಗರಗಳ ಅಂಚಿನಲ್ಲಿ ಇದ್ದಾರೆ. ಅಷ್ಟೂ ನೀರನ್ನು ಒಂದು ಸ್ಥಾವರಕ್ಕೆ ಬರೆದುಕೊಟ್ಟರೆ ಅವರ ಹೊಲ ಒಣಗುತ್ತದೆ. ಚಕ್ರ ಪೂರ್ತಿಯಾಗುವಾಗ ಯಾರ ಕೈಯಿಂದ ಏನು ಹೋಯಿತು ಎಂಬುದನ್ನೂ ಬರೆದಿಡಬೇಕು.

ಚಾದರದ ಅಂಚು

ಸೊಲ್ಲಾಪುರಿ ಚಾದರ ಮತ್ತು ಟೆರ್ರಿ ಟವೆಲ್ಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹಳೆ ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೂ ತೆಲುಗು ಪದ್ಮಶಾಲಿ ನೇಕಾರರು ಮಗ್ಗದ ಸದ್ದು ನಿಲ್ಲದಂತೆ ನೋಡಿಕೊಂಡರು. ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇಂದು ಟವೆಲ್ಲಿನ ಮಗ್ಗಗಳು ಓಡುತ್ತವೆ. ಶಾಲಾ ಸಮವಸ್ತ್ರ ಹೊಲಿಯುವ ಉದ್ಯಮಕ್ಕೂ ನಗರ ಹೆಸರಾಗಿದೆ.

ಲಾಳಿಯಿಲ್ಲದ ಹೊಸ ರೇಪಿಯರ್ ಮಗ್ಗದ ಬದಿಯಲ್ಲಿ ನಿಂತು ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಹಳೆ ಮಗ್ಗದಲ್ಲಿ ಲಾಳಿ ಅತ್ತಿಂದಿತ್ತ ಹೋಗಿ ಬರುವುದರಿಂದ ಬಟ್ಟೆಯ ಅಂಚು ತಾನೇ ಕಟ್ಟಿಕೊಳ್ಳುತ್ತದೆ. ಹೊಸ ಮಗ್ಗ ಪ್ರತಿ ಸಲವೂ ಹೊಕ್ಕು ನೂಲನ್ನು ತುಸು ಹೊರಗೆ ಚಾಚಿ ಕತ್ತರಿಸುತ್ತದೆ. ಆ ತುದಿಗಳೆಲ್ಲ ಸೇರಿ ಬೆರಳಗಲದ ಪಟ್ಟಿಯಾಗಿ ಮಗ್ಗದ ಪಕ್ಕದ ಡಬ್ಬಿಗೆ ಇಳಿಯುತ್ತಲೇ ಇರುತ್ತವೆ. ಮಗ್ಗ ಓಡುವಷ್ಟು ಹೊತ್ತೂ ಈ ಪಟ್ಟಿ ಹುಟ್ಟುತ್ತದೆ. ಹೊಲಿಗೆ ಘಟಕಗಳಲ್ಲಿ ಇದೇ ರೀತಿ ಕತ್ತರಿಸಿದ ಚಿಂದಿ.

ಈ ಚಿಂದಿಯನ್ನು ಬಿಡಿಸಿ ಮತ್ತೆ ನಾರು ಮಾಡಿ ನೂಲು ತೆಗೆಯಬಹುದು. ಪಾಣಿಪತ್ತಿನ ಇಡೀ ಉದ್ಯಮ ಹಳೆ ಬಟ್ಟೆಯ ಮೇಲೆ ನಿಂತಿದೆ. ಬಿಡಿಸುವಾಗ ನಾರು ತುಂಡಾಗಿ ಗಿಡ್ಡಗಾಗುತ್ತದೆ, ಹಾಗಾಗಿ ಹೊಸ ನಾರು ಬೆರೆಸಬೇಕಾಗುತ್ತದೆ. ಆದರೆ ಇದರಲ್ಲಿ ಒಂದು ದೊಡ್ಡ ಲಾಭವಿದೆ: ಚಿಂದಿಯನ್ನು ಬಣ್ಣವಾರು ವಿಂಗಡಿಸಿದರೆ ನೂಲು ಬಣ್ಣದ್ದೇ ಆಗಿ ಬರುತ್ತದೆ, ಮತ್ತೆ ಬಣ್ಣ ಹಾಕಬೇಕಿಲ್ಲ. ಬಣ್ಣ ಹಾಕಲು ಬೇಕಾದ ನೀರು, ಉಪ್ಪು, ಬಿಸಿ, ಆಮೇಲೆ ಗಟಾರಕ್ಕೆ ಹೋಗುವ ಕೆಂಪು ನೀರು ಎಲ್ಲವೂ ಉಳಿಯುತ್ತವೆ. ನೇಯುವ ಮೊದಲೇ ನೂಲಿಗೆ ಬಣ್ಣ ಹಾಕುವ ಸೊಲ್ಲಾಪುರದಲ್ಲಿ ಅಂಚಿನ ಪಟ್ಟಿಯೂ ಬಣ್ಣದ್ದೇ. ಹತ್ತಿ ಬೇರೆ, ಪಾಲಿಯೆಸ್ಟರ್ ಬೇರೆ, ಕೆಂಪು ಬೇರೆ, ನೀಲಿ ಬೇರೆ ಎಂದು ಮಗ್ಗದ ಬುಡದಲ್ಲೇ ನಾಲ್ಕು ಚೀಲ ಇಟ್ಟರೆ ಸಾಕು. ಎಲ್ಲ ಒಂದೇ ಚೀಲಕ್ಕೆ ಹೋದರೆ ಬೆಲೆ ಕುಸಿಯುತ್ತದೆ.

ತಂತ್ರಜ್ಞಾನ ನಿಜಕ್ಕೂ ನೆರವಾಗುವುದು ಇಂಥ ಕಡೆ. ಬಾಂಗ್ಲಾದೇಶದಲ್ಲಿ 2020ರ ಸುಮಾರಿಗೆ ಶುರುವಾದ ಒಂದು ಸಹಯೋಗದಲ್ಲಿ ಗಾರ್ಮೆಂಟ್ ಕಾರ್ಖಾನೆಗಳು ತಮ್ಮಲ್ಲಿ ಯಾವ ನಾರಿನ, ಯಾವ ಬಣ್ಣದ ಚಿಂದಿ ಎಷ್ಟು ಕೆಜಿ ಇದೆ ಎಂದು ಸಾಫ್ಟ್‌ವೇರಿನಲ್ಲಿ ದಾಖಲಿಸುತ್ತವೆ; ಕೊಳ್ಳುವ ನೂಲಿನ ಗಿರಣಿಗೆ ಅದರ ಜಾಡು ಸಿಗುತ್ತದೆ. ಸೊಲ್ಲಾಪುರದ ಮಗ್ಗದ ಮಾಲೀಕರ ಸಂಘಟನೆಗಳು ಮನಸ್ಸು ಮಾಡಿದರೆ ಒಂದು ಮೊಬೈಲ್, ಒಂದು ತಕ್ಕಡಿಯಲ್ಲಿ ಇದನ್ನು ಆರಂಭಿಸಬಹುದು. ಭೌಗೋಳಿಕ ಸೂಚಕದ ಮುದ್ರೆಯ ಜೊತೆಗೆ ಇಂತಿಷ್ಟು ಮರುಬಳಕೆ ನೂಲು ಎಂಬ ನಂಬಿಕಸ್ತ ದಾಖಲೆಯೂ ಇದ್ದರೆ, ಅಗ್ಗದ ನಕಲಿ ಚಾದರದ ಎದುರು ನಿಲ್ಲಲು ನೇಕಾರನಿಗೆ ಇನ್ನೊಂದು ಆಸರೆ.

ಸಕ್ಕರೆ ಕಾರ್ಖಾನೆಗಳು ಈ ಪಾಠವನ್ನು ಬಹಳ ಹಿಂದೆಯೇ ಕಲಿತಿವೆ. ಮೂವತ್ತಕ್ಕಿಂತ ಹೆಚ್ಚು ಕಾರ್ಖಾನೆಗಳಿರುವ ಈ ಜಿಲ್ಲೆಯಲ್ಲಿ ಕಬ್ಬಿನ ಸಿಪ್ಪೆ ಬಾಯಿಲರಿಗೆ, ಕಾಕಂಬಿ ಎಥೆನಾಲಿಗೆ, ಪ್ರೆಸ್‌ಮಡ್ ಹೊಲಕ್ಕೆ ಹೋಗುತ್ತದೆ. ಉಷ್ಣ ಸ್ಥಾವರದ ಹಾರುಬೂದಿ ಸಿಮೆಂಟಿಗೂ ಇಟ್ಟಿಗೆಗೂ ಸಲ್ಲುತ್ತದೆ. ದುಡ್ಡು ಕಂಡಲ್ಲಿ ಚಕ್ರ ತಾನಾಗಿ ತಿರುಗುತ್ತದೆ. ದುಡ್ಡು ಕಾಣದ ಕಡೆ, ಅಂದರೆ ಮನೆಯ ಕಸ ಮತ್ತು ಗಟಾರದ ನೀರಿನಲ್ಲಿ, ಅದನ್ನು ತಿರುಗಿಸುವುದು ಸರಕಾರದ ಹೊಣೆ.

ಸ್ಮಾರ್ಟ್ ಎಂದರೆ ಏನನ್ನು ಅಳೆಯಬೇಕು

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿ ಬಂದಾಗ ಸೊಲ್ಲಾಪುರ ಒಂಬತ್ತನೆಯದಾಗಿತ್ತು, ದಾವಣಗೆರೆ ಹತ್ತನೆಯದು. ಬೆಳಗಾವಿಯೂ ಅದೇ ಪಟ್ಟಿಯಲ್ಲಿತ್ತು. ರಸ್ತೆ, ಕೆರೆ ದಂಡೆ, ಕ್ರೀಡಾಂಗಣ, ಕೊಳವೆಗಳಿಗೆ ದುಡ್ಡು ಬಂತು. 2025ರ ಮಾರ್ಚ್ 31ಕ್ಕೆ ಆ ಮಿಷನ್ ಮುಗಿಯಿತು. ಇನ್ನು ಹಾಕಿದ ಕ್ಯಾಮೆರಾ, ಸೆನ್ಸರ್, ಸರ್ವರುಗಳ ದುರಸ್ತಿ, ವಿದ್ಯುತ್ ಬಿಲ್ಲು, ಸಿಬ್ಬಂದಿಯ ಸಂಬಳ ಎಲ್ಲವೂ ಪಾಲಿಕೆಗಳ ತಲೆಯ ಮೇಲೆ. ಹಾಗಾಗಿ ಯಾವುದನ್ನು ಅಳೆಯಬೇಕು, ಯಾವುದನ್ನು ಬಿಡಬೇಕು ಎಂದು ಈಗಲೇ ತೀರ್ಮಾನಿಸಬೇಕು.

ನಗರಗಳು ಈವರೆಗೆ ಅಳೆದದ್ದು ಹೊರಗೆ ಹೋದದ್ದನ್ನು: ಎಷ್ಟು ಟನ್ ಕಸ ಎತ್ತಿದೆವು, ಎಷ್ಟು ಲೀಟರ್ ನೀರು ಬಿಟ್ಟೆವು. ಕಸ ಒಯ್ಯುವ ಘಂಟಾಗಾಡಿಗೆ ಜಿಪಿಎಸ್ ಹಾಕಿದರೆ ಗಾಡಿ ಓಣಿಗೆ ಬಂತೋ ಇಲ್ಲವೋ ಗೊತ್ತಾಗುತ್ತದೆ. ಒಳಗಿರುವ ಕಸ ಬೆರೆತಿದೆಯೋ ಬೇರೆಯಾಗಿದೆಯೋ ಜಿಪಿಎಸ್ ಹೇಳುವುದಿಲ್ಲ. ಗುತ್ತಿಗೆದಾರನಿಗೆ ತೂಕಕ್ಕೆ ದುಡ್ಡು ಕೊಟ್ಟರೆ ಮಣ್ಣು, ಕಲ್ಲು ತುಂಬಿದ ಗಾಡಿಗೇ ಹೆಚ್ಚು ದುಡ್ಡು. ಅದೇ ದುಡ್ಡನ್ನು ವಿಂಗಡಿಸಿ ತಂದ ಹಸಿ ಕಸಕ್ಕೆ, ಮಾರಾಟವಾದ ಗೊಬ್ಬರಕ್ಕೆ, ಮತ್ತೆ ಬಳಕೆಯಾದ ನೀರಿಗೆ ಕಟ್ಟಿ ನೋಡಿ. ತಕ್ಕಡಿ, ಮೀಟರ್, ಸೆನ್ಸರುಗಳು ಆಗ ಚಕ್ರದ ಪರವಾಗಿ ದುಡಿಯುತ್ತವೆ. ಗಾಡಿಯ ಹೆಣ್ಣುಮಗಳು ಪ್ರತಿ ಮನೆಯ ಬುಟ್ಟಿ ನೋಡಿ 'ಬೇರೆ ಮಾಡಿದ್ದಾರೆ, ಇಲ್ಲ' ಎಂದು ಮೊಬೈಲಿನಲ್ಲಿ ಒಂದು ಗುರುತು ಹಾಕಿದರೆ ಓಣಿವಾರು ಚಿತ್ರ ಸಿಗುತ್ತದೆ. ಶುದ್ಧೀಕರಣ ಘಟಕದ ಹೊರಬಾಯಿಯಲ್ಲಿ ನೀರಿನ ಗುಣ ಅಳೆಯುವ ಸೆನ್ಸರಿನ ಅಂಕಿಯನ್ನು ಚೌಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ತೋರಿಸಿದರೆ, ತಪ್ಪಾದ ದಿನವೇ ಜನ ಕೇಳುತ್ತಾರೆ.

ಅಂಕಿ, ಆ್ಯಪು, ಕರಪತ್ರಗಳು ಜನರ ಭಾಷೆಯಲ್ಲೂ ಇರಬೇಕು. ಸೊಲ್ಲಾಪುರದ ಒಂದೇ ಓಣಿಯಲ್ಲಿ ಮರಾಠಿ, ಕನ್ನಡ, ತೆಲುಗು, ದಖನಿ ಉರ್ದು ಕೇಳಿಸುತ್ತವೆ. ಯಾವ ಬುಟ್ಟಿಗೆ ಏನು ಎಂಬ ಮಾತು ಅಡುಗೆಮನೆಯಲ್ಲಿ ಆಡುವ ಭಾಷೆಯಲ್ಲೇ ಬಂದರೆ ಮಾತ್ರ ಅದು ಬುಟ್ಟಿಯವರೆಗೆ ಇಳಿಯುತ್ತದೆ.

ಇನ್ನೊಂದು ಮುಖ್ಯ ಮಾತು. ಯಾವ ಸಾಫ್ಟ್‌ವೇರೂ ಬರುವ ಮೊದಲೇ ಊರಿನ ಬಾಟಲಿ, ತಗಡು, ರಟ್ಟನ್ನು ಚಕ್ರಕ್ಕೆ ಮರಳಿಸುತ್ತಿದ್ದವರು ಚಿಂದಿ ಆಯುವ ಹೆಣ್ಣುಮಕ್ಕಳು ಮತ್ತು ಭಂಗಾರದ ಅಂಗಡಿಯವರು. 2024ರ ಜನವರಿ 19ರಂದು ಕುಂಭಾರಿಯ ರಾಯನಗರದಲ್ಲಿ 15,000 ಮನೆಗಳನ್ನು ಹಸ್ತಾಂತರಿಸಿದಾಗ ಬೀಡಿ ಕಟ್ಟುವವರು, ನೇಕಾರರ ಜೊತೆ ಚಿಂದಿ ಆಯುವವರೂ ಫಲಾನುಭವಿಗಳಾಗಿದ್ದರು. ಕಾರ್ಮಿಕ ಮುಖಂಡ ನರಸಯ್ಯ ಆಡಂ ಅವರ ವರ್ಷಗಳ ಹೋರಾಟದ ಫಲ ಅದು. ಮನೆ ಸಿಕ್ಕಿತು, ಕೆಲಸಕ್ಕೂ ಮಾನ್ಯತೆ ಸಿಗಬೇಕು. ಕಸವನ್ನೆಲ್ಲ ಮುಚ್ಚಿದ ಗಾಡಿಯಲ್ಲಿ ನೇರ ಸ್ಥಾವರಕ್ಕೆ ಒಯ್ದರೆ ಊರು ಚೊಕ್ಕ ಕಾಣುತ್ತದೆ, ಆದರೆ ಇವರ ಅನ್ನ ಹೋಗುತ್ತದೆ. ಪುಣೆಯ 'ಸ್ವಚ್ಛ' ಸಹಕಾರಿ ಸಂಘದಲ್ಲಿ ಚಿಂದಿ ಆಯುವವರೇ ಸದಸ್ಯರಾಗಿ, ಪಾಲಿಕೆಯ ಒಪ್ಪಂದದಲ್ಲಿ ಮನೆ ಮನೆಯಿಂದ ಕಸ ಪಡೆಯುತ್ತಾರೆ. ಬೆಂಗಳೂರಿನಲ್ಲಿ 'ಹಸಿರು ದಳ' ಅವರಿಗೆ ಗುರುತಿನ ಚೀಟಿ ಕೊಡಿಸಿ ಒಣ ಕಸ ಕೇಂದ್ರಗಳನ್ನು ನಡೆಸುವ ಮಟ್ಟಕ್ಕೆ ತಂದಿದೆ. ಪ್ಲಾಸ್ಟಿಕ್ಕನ್ನು ಮುಟ್ಟಿ ನೋಡಿ, ಹಿಸುಕಿ ಸದ್ದು ಕೇಳಿ, ಇದು ಯಾವ ಬಗೆಯದು ಎಂದು ಹೇಳುವ ಅವರ ಕೈಗೆ ಸರಿಸಾಟಿಯಾದ ಸೆನ್ಸರ್ ನಮ್ಮ ಪಾಲಿಕೆಗಳ ಬಜೆಟ್ಟಿಗೆ ಎಟಕುವುದಿಲ್ಲ.

ಅಕ್ಕಲಕೋಟದ ಅಳತೆ

ಸೊಲ್ಲಾಪುರದಿಂದ ಸುಮಾರು ನಲವತ್ತು ಕಿಲೋಮೀಟರ್ ದೂರದ ಅಕ್ಕಲಕೋಟಕ್ಕೆ ದೊಡ್ಡ ಸ್ಥಾವರ ಬೇಕಿಲ್ಲ. 2011ರಲ್ಲಿ ಊರಿನ ಜನಸಂಖ್ಯೆ ನಲವತ್ತು ಸಾವಿರದಷ್ಟು. ಆದರೆ ಸ್ವಾಮಿ ಸಮರ್ಥರ ವಟವೃಕ್ಷ ಮಂದಿರಕ್ಕೆ ಬರುವ ಭಕ್ತರಿಂದ ಗುರುವಾರ, ಗುರುಪೂರ್ಣಿಮೆ, ಚೈತ್ರದ ಪ್ರಕಟ ದಿನ, ಪುಣ್ಯತಿಥಿಗಳಲ್ಲಿ ಊರು ಉಬ್ಬುತ್ತದೆ. ಅನ್ನಛತ್ರದಲ್ಲಿ ಪಂಕ್ತಿಯ ಮೇಲೆ ಪಂಕ್ತಿ. ಹಾರ, ತೆಂಗಿನ ಚಿಪ್ಪು, ಎಂಜಲು, ಕಾಯಿಪಲ್ಲೆ ಸಿಪ್ಪೆ ರಾಶಿ ಬೀಳುತ್ತದೆ. ಇದು ಬೇಕಾಬಿಟ್ಟಿ ಕಸವಲ್ಲ. ಒಂದೇ ಜಾಗದಲ್ಲಿ, ಬೆರೆಯದೆ, ಪಂಚಾಂಗ ನೋಡಿ ಮುಂಚಿತವಾಗಿ ಅಂದಾಜು ಮಾಡಬಹುದಾದ ಹಸಿ ಕಸ. ಭೋಗಾವದ ಎಂಜಿನಿಯರ್ ಹಂಬಲಿಸುವಂಥ ಕಚ್ಚಾ ಮಾಲು.

ಲೆಕ್ಕ ನೋಡಿ. ಒಂದು ಟನ್ ಅಡುಗೆಮನೆ ಕಸದಿಂದ ಅಂದಾಜು 80ರಿಂದ 100 ಘನ ಮೀಟರ್ ಗ್ಯಾಸ್ ಬರುತ್ತದೆ. ಒಂದು ಘನ ಮೀಟರ್ ಗೋಬರ್ ಗ್ಯಾಸಿನ ಶಾಖ ಅರ್ಧ ಕೆಜಿಗಿಂತ ತುಸು ಕಡಿಮೆ ಎಲ್‌ಪಿಜಿಗೆ ಸಮ. ಅಂದರೆ ಒಂದು ಟನ್ ಕಸ 19 ಕೆಜಿಯ ಸುಮಾರು ಎರಡು ವಾಣಿಜ್ಯ ಸಿಲಿಂಡರಿನಷ್ಟು ಗ್ಯಾಸ್ ಕೊಡುತ್ತದೆ. ಆ ಗ್ಯಾಸು ಅದೇ ಅಡುಗೆಮನೆಯ ಒಲೆಗೆ ಮರಳುತ್ತದೆ. ಕೊಳವೆ ಹಾಕಬೇಕಾದದ್ದು ಕೆಲವು ಮೀಟರ್ ಮಾತ್ರ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ 'ನಿಸರ್ಗಋಣ' ಮಾದರಿ ಇಂಥ ಅಡುಗೆಮನೆ ಕಸಕ್ಕೆಂದೇ ಇದೆ. ಶಿರಡಿಯ ಪ್ರಸಾದಾಲಯ 2009ರಿಂದ 73 ಸೌರ ಬಟ್ಟಲುಗಳಿಂದ ಹಬೆ ಎಬ್ಬಿಸಿ ಅಡುಗೆ ಮಾಡುವ ಏರ್ಪಾಡು ಹೊಂದಿದೆ. ಬಿಸಿಲಿಗೆ ಬರವಿಲ್ಲದ ಅಕ್ಕಲಕೋಟದಲ್ಲಿ ಬಿಸಿಲು ಮತ್ತು ಎಂಜಲು ಎರಡೂ ಸೇರಿ ಒಲೆ ಉರಿಸಬಲ್ಲವು. ಉಳಿದ ರಾಡಿ ಗೊಬ್ಬರವಾಗಿ ನಾಗಣಸೂರು, ತೋಳನೂರು, ಜೇವೂರಿನ ಜೋಳ, ತೊಗರಿಯ ಹೊಲ ಸೇರಬಹುದು. ಮಂದಿರದ ಹೂವು ಊದುಬತ್ತಿಯಾದರೆ ಮಹಿಳೆಯರ ಸ್ವಸಹಾಯ ಗುಂಪುಗಳಾದ ಬಚತ್ ಗಟ್ಟುಗಳಿಗೆ ಕೆಲಸ. ಇಲ್ಲಿ ಸ್ಮಾರ್ಟ್ ತಂತ್ರಜ್ಞಾನ ಎಂದರೆ ಒಂದು ತಕ್ಕಡಿ, ಒಂದು ಗ್ಯಾಸ್ ಮೀಟರ್, ಜಾತ್ರೆಯ ದಿನಗಳ ಒಂದು ಪಟ್ಟಿ. ದುಧನಿ, ಮೈಂದರಗಿಯಂಥ ಸಣ್ಣ ಊರುಗಳ ನಗರ ಪರಿಷತ್ತುಗಳೂ ಇದೇ ಅಳತೆಯಲ್ಲಿ ಯೋಚಿಸಬಹುದು.

ಕರ್ನಾಟಕದ ಓದುಗರು ಇದು ಗಡಿಯಾಚೆಯ ಸಂಗತಿ ಎಂದು ಪುಟ ಮಗುಚಬಾರದು. ಸೊಲ್ಲಾಪುರ ಸೀಮೆಯ ನೀರು ಸೀನಾ ನದಿಗೆ, ಅಕ್ಕಲಕೋಟ ಸೀಮೆಯದು ಬೋರಿ ನದಿಗೆ ಇಳಿಯುತ್ತದೆ. ಸೀನಾ ಹತ್ತರಸಂಗ ಕೂಡಲದಲ್ಲಿ ಭೀಮೆಗೆ ಸೇರುತ್ತದೆ, ಬೋರಿ ಮುಂದೆ ಸೇರುತ್ತದೆ. ಅದೇ ಭೀಮೆ ಇಂಡಿಯ ಹೊಲ ತೋಯಿಸಿ, ಅಫಜಲಪುರದ ಸೊನ್ನ ಬ್ಯಾರೇಜಿನಲ್ಲಿ ನಿಂತು, ಕಲಬುರಗಿಯ ನಳಕ್ಕೂ ಬರುತ್ತದೆ. ಮೇಲಿನ ಊರು ಶುದ್ಧಗೊಳಿಸದೆ ಬಿಟ್ಟದ್ದನ್ನು ಕೆಳಗಿನ ಊರು ಕುಡಿಯುತ್ತದೆ. ಎರಡು ರಾಜ್ಯಗಳು ನೀರಿನ ಪ್ರಮಾಣಕ್ಕೆ ಜಗಳವಾಡಿದಷ್ಟು ನೀರಿನ ಗುಣದ ಬಗ್ಗೆ ಮಾತಾಡಿಲ್ಲ. ದೇಗಾವದ ಸೆನ್ಸರಿನ ಅಂಕಿ ಕಲಬುರಗಿಯ ಪಾಲಿಕೆಗೂ ದಿನವೂ ತಲುಪಬೇಕು ಎಂದು ಎರಡೂ ಕಡೆಯ ಜನಪ್ರತಿನಿಧಿಗಳು ಒಟ್ಟಾಗಿ ಕೇಳಿದರೆ, ಗಡಿಯ ರಾಜಕಾರಣಕ್ಕೊಂದು ಅರ್ಥವಂತ ಕೆಲಸ ಸಿಕ್ಕಂತಾಗುತ್ತದೆ.

ಪಾಲಿಕೆ ಪ್ರತಿ ವರ್ಷ ಬಜೆಟ್ ಮಂಡಿಸುತ್ತದೆ, ಎಷ್ಟು ಖರ್ಚು ಮಾಡುತ್ತೇವೆಂದು ಹೇಳುತ್ತದೆ. ಅದರ ಜೊತೆ ಇನ್ನೊಂದು ಪುಟ ಸೇರಬೇಕು. ಈ ವರ್ಷ ಊರಿನ ಹಸಿ ಕಸದಲ್ಲಿ ಎಷ್ಟು ಪಾಲು ಗ್ಯಾಸೂ ಗೊಬ್ಬರವೂ ಆಯಿತು, ಶುದ್ಧಗೊಂಡ ನೀರಿನಲ್ಲಿ ಎಷ್ಟು ಪಾಲಿಗೆ ಎರಡನೆಯ ಕೆಲಸ ಸಿಕ್ಕಿತು, ಮಗ್ಗದ ಚಿಂದಿಯಲ್ಲಿ ಎಷ್ಟು ನೂಲಾಯಿತು, ಚಿಂದಿ ಆಯುವ ಎಷ್ಟು ಜನರಿಗೆ ಕರಾರಿನ ಕೆಲಸವಾಯಿತು: ನಾಲ್ಕೇ ಅಂಕಿ. ಅಕ್ಕಲಕೋಟದ ನಗರ ಪರಿಷತ್ತಿಗೆ ಮೊದಲೆರಡು ಸಾಕು. ಈ ಪುಟವನ್ನು ಮರಾಠಿ, ಕನ್ನಡ, ತೆಲುಗು, ಉರ್ದುಗಳಲ್ಲಿ ಅಚ್ಚು ಹಾಕಿ ವಾರ್ಡ್ ಕಚೇರಿಯ ಬಾಗಿಲಿಗೆ ಅಂಟಿಸಲಿ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರ ಮುಂದೆ ಈ ನಾಲ್ಕು ಅಂಕಿಗಳನ್ನು ಇಟ್ಟು, ಹೋದ ವರ್ಷಕ್ಕಿಂತ ಏರಿವೆಯೇ ಇಳಿದಿವೆಯೇ ಎಂದು ಕೇಳುವ ಹಕ್ಕು ನಮಗಿದೆ. ಅಲ್ಲಿಯವರೆಗೆ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಬುಟ್ಟಿ ಇಡುವ ಕೆಲಸವನ್ನು ಯಾರ ಆದೇಶಕ್ಕೂ ಕಾಯದೆ ನಾಳೆಯೇ ಶುರು ಮಾಡಬಹುದು.